ದನಿ ಬದಲಾದ ದೃಶ್ಯ

ಆ ಸಿನಿಮಾದಲ್ಲಿ ಮೊದಲಿನಿಂದ ಕೊನೆಯವರೆಗೆ ಮಾತಾಡಿದವಳು ನಾನು. ಆದರೆ ಅದನ್ನು ನೋಡಿರಲಿಲ್ಲ.

ಕೇಳಿದವರು ನಗುತ್ತಾರೆ. ನಗಲಿ ಬಿಡಿ, ನನ್ನ ಕೆಲಸವೇ ಅಂಥದ್ದು. ಡಬ್ಬಿಂಗ್ ಕಲಾವಿದೆ ಅಂದರೆ ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಪರದೆಯ ಮೇಲೆ ಇನ್ಯಾರೋ ಬಾಯಿ ಆಡಿಸಿದ್ದಕ್ಕೆ ನಮ್ಮ ಭಾಷೆಯ ಮಾತು ತುಂಬುವವಳು. ಸಣ್ಣ ತುಣುಕು ತೋರಿಸುತ್ತಾರೆ, ನಾಲ್ಕಾರು ಸಲ ಹೇಳಿಸುತ್ತಾರೆ, ಮುಂದಿನ ತುಣುಕಿಗೆ ಹೋಗುತ್ತಾರೆ. ನನ್ನ ಪಾತ್ರವಿಲ್ಲದ ದೃಶ್ಯಗಳು ನನ್ನ ಕಣ್ಣಿಗೇ ಬೀಳುವುದಿಲ್ಲ. ಯಾರದೋ ಮದುವೆಯಲ್ಲಿ ದಿನವಿಡೀ ಈರುಳ್ಳಿ ಹೆಚ್ಚಿಕೊಟ್ಟು ಊಟ ಮಾಡದೆ ಮನೆಗೆ ಬಂದಂತೆ.

ಅದರಲ್ಲೂ ಇದು ಕೊಲೆಯ ಸಿನಿಮಾ. ಕಪ್ಪು ಬಿಳುಪಿನ ಕಾಲದ್ದು, ಪರದೇಶದ್ದು. ಹಿಮ ಬಿದ್ದು ದಾರಿ ಮುಚ್ಚಿಹೋದ ಬೆಟ್ಟದ ಹೋಟೆಲು. ಅಲ್ಲಿಯ ಪಿಯಾನೋದೊಳಗೆ ಹೋಟೆಲ್ ಮಾಲೀಕನ ಹೆಣ. ಪೊಲೀಸರು ಬರುವಂತಿಲ್ಲ. ಅತಿಥಿಗಳಲ್ಲಿ ಒಬ್ಬ ಹಲ್ಲಿನ ಡಾಕ್ಟರು ಪತ್ತೇದಾರಿಕೆಗೆ ಇಳಿಯುತ್ತಾನೆ. ಎಲ್ಲರ ಬಾಯಿ ತೆಗೆಸಿ ನೋಡುವುದು ಹೇಗೂ ಅವನಿಗೆ ಅಭ್ಯಾಸ. ಅವನ ಅನುಮಾನವೆಲ್ಲ ಒಬ್ಬ ಬಾಯಿಬಡುಕಿ ವಿಧವೆಯ ಮೇಲೆ. ಆ ವಿಧವೆಯ ಮಾತೆಲ್ಲ ನನ್ನದು.

ನಮ್ಮ ಡಬ್ಬಿಂಗ್ ಡೈರೆಕ್ಟರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ಮೇಷ್ಟ್ರದ್ದೊಂದು ಕಟ್ಟುನಿಟ್ಟು: ಕೊಲೆಗಾರ ಯಾರೆಂದು ಯಾವ ಕಲಾವಿದರಿಗೂ ಹೇಳುವುದಿಲ್ಲ.

"ಗೊತ್ತಾದ್ರೆ ನಿಮ್ಮ ದನೀಲಿ ಸೋರಿಬಿಡುತ್ತೆ. ನಿಮ್ಮ ಹೊಟ್ಟೇಲಿ ಮಾತು ನಿಲ್ಲಲ್ಲ," ಎನ್ನುತ್ತಿದ್ದರು. ಕೊಲೆಗಾರನ ಪಾತ್ರಕ್ಕೆ ದನಿ ಕೊಟ್ಟವನಿಗೂ ಕೊನೆಯ ದಿನದವರೆಗೆ ತಾನೇ ಕೊಂದೆ ಎಂಬುದು ತಿಳಿದಿರಲಿಲ್ಲ.

ಡಾಕ್ಟರಿಗೆ ದನಿ ಕೊಟ್ಟವರು ಇನ್‌ಸ್ಪೆಕ್ಟರ್.

ಇನ್‌ಸ್ಪೆಕ್ಟರ್ ಎಂದರೆ ಪೊಲೀಸಲ್ಲ. ಬಂದ ಸಿನಿಮಾದಲ್ಲೆಲ್ಲ ಖಾಕಿ ತೊಟ್ಟವರಿಗೇ ದನಿ ಕೊಟ್ಟು ಕೊಟ್ಟು ಆ ಹೆಸರು ಅವರಿಗೆ ಅಂಟಿಕೊಂಡಿತ್ತು. "ಕೊನೆಗೂ ವರ್ಗ ಆಯ್ತು ನೋಡು, ಹಲ್ಲು ಕೀಳೋ ಕೆಲಸಕ್ಕೆ ಹಾಕಿದ್ದಾರೆ," ಎಂದು ಈ ಸಿನಿಮಾ ಸಿಕ್ಕ ದಿನ ನಕ್ಕಿದ್ದರು. ನನಗೆ ಅಲ್ಲಿ ಗಿಣಿ ಎಂದು ಹೆಸರು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ಕಾಲದಲ್ಲಿ ಇಬ್ಬರು ಒಟ್ಟಿಗೆ ನಿಂತು ಡಬ್ ಮಾಡುವುದಿಲ್ಲ. ಬೆಳಿಗ್ಗೆ ಅವರು ಬಂದು ತಮ್ಮ ಮಾತುಗಳನ್ನಷ್ಟೇ ರೆಕಾರ್ಡ್ ಮಾಡಿ ಹೋಗುತ್ತಿದ್ದರು. ಮಧ್ಯಾಹ್ನ ನಾನು ಹೋಗಿ, ಹೆಡ್‌ಫೋನಿನಲ್ಲಿ ಅವರ ದನಿ ಕೇಳುತ್ತ, ನನ್ನ ಉತ್ತರ ಕೊಡುತ್ತಿದ್ದೆ. ರೆಕಾರ್ಡಿಂಗ್ ಬೂತಿನ ಬಾಗಿಲ ಹತ್ತಿರ ಅವರು ಹೊರಗೆ ಬರುವಾಗ ನಾನು ಒಳಗೆ ಹೋಗುತ್ತಿದ್ದೆ. ಹೆಡ್‌ಫೋನು ಇನ್ನೂ ಬೆಚ್ಚಗಿರುತ್ತಿತ್ತು.

"ಹೋಗು ಗಿಣಿ, ನನ್ನ ಜೊತೆ ಜಗಳ ಆಡ್ಕೊಂಡು ಬಾ," ಎನ್ನುತ್ತಿದ್ದರು.

"ಇವತ್ತೇನಂತ ಬೈದಿದ್ದೀರಿ ನನಗೆ?"

"ಒಳಗೆ ಹೋಗಿ ಕೇಳ್ಕೋ. ಹೊರಗೆ ನಾನು ಬಹಳ ಒಳ್ಳೆಯವನು."

ಹೇಳುವಾಗ ಒಂದು ಹುಬ್ಬು ಮಾತ್ರ ಮೇಲೇಳುತ್ತಿತ್ತು. ಆ ಹುಬ್ಬು ನೋಡಬಾರದೆಂದು ನಾನು ಅವರ ಚಪ್ಪಲಿ ನೋಡುತ್ತಿದ್ದೆ. ಅವರ ಎಡಗಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ, ಸದಾ ತಾಳ ಹಾಕುತ್ತಿತ್ತು. ಅದನ್ನು ನೋಡಿದರೂ ನಗು ಬರುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಅಲ್ಲ ಸಾಹೇಬ್ರೇ, ನೀವು ನನಗೆ ಇಷ್ಟೆಲ್ಲ ಹೇಳಿ ಹೋಗ್ತೀರಿ. ನಾನು ಏನು ಉತ್ತರ ಕೊಟ್ಟೆ ಅಂತ ತಿಳ್ಕೋಬೇಕು ಅನ್ಸಲ್ವಾ?"

"ಎಲ್ಲಾನೂ ಥಿಯೇಟರಲ್ಲೇ ಕೇಳ್ತೀನಿ. ಪುಕ್ಕಟೆ ಪಾಸ್ ಕೊಡ್ತಾರೆ."

ಅಷ್ಟು ಹೇಳಿ, ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿದರು. "ಪಕ್ಕದ ಸೀಟಲ್ಲಿ ನೀನಿರ್ಬೇಕು ಅಷ್ಟೆ."

ಮೊದಮೊದಲು ನಾನು ನೀವು ಆಗಿದ್ದೆ. ಎಂದಿನಿಂದ ನೀನು ಆದೆನೆಂದು ಅವರಿಗೆ ನೆನಪಿರಲಿಕ್ಕಿಲ್ಲ. ನನಗೆ ಎಂದು, ಎಲ್ಲಿ, ಯಾವ ಗೋಡೆಗೆ ಒರಗಿಕೊಂಡಿದ್ದರು ಎಂಬುದೂ ನೆನಪಿದೆ.

ಸಿನಿಮಾ ಅರ್ಧಕ್ಕೆ ಬರುವ ಹೊತ್ತಿಗೆ ಅವರ ದನಿಯಲ್ಲಿ ಒಂದು ಒಡಕು ಸೇರಿಕೊಂಡಿತು. ಹಳೆಯ ಮರದ ಬಾಗಿಲು ತೆರೆದಂಥ ಸಣ್ಣ ಕರಕರ. ಮೇಷ್ಟ್ರು ಕುಣಿದುಬಿಟ್ಟರು. "ಇದೇ, ಇದೇ ಬೇಕಾಗಿದ್ದು ನನಗೆ! ಸುಸ್ತಾದ ಪತ್ತೇದಾರ! ಗಂಟಲಿಗೆ ಏನೂ ತಗೋಬೇಡ್ರಪ್ಪ, ಹಾಳಾಗಿಬಿಡುತ್ತೆ." ಸೌಂಡ್ ಇಂಜಿನಿಯರು ಆ ಒಡಕು ಇನ್ನೂ ಚೆನ್ನಾಗಿ ಕೇಳಲಿ ಎಂದು ಮೈಕನ್ನು ಹತ್ತಿರಕ್ಕೆ ಸರಿಸಿದ.

ನಾನೋ, ಹೆಡ್‌ಫೋನಿನಲ್ಲಿ ಅದನ್ನು ಕೇಳಿ ಮೈ ಜುಮ್ಮೆಂದು ನನ್ನ ಸಾಲನ್ನೇ ಮರೆತೆ.

"ಈ ದನಿಗೆ ಹುಡುಗೀರು ಬಿದ್ದು ಸಾಯ್ತಾರೆ ಸಾಹೇಬ್ರೇ," ಎಂದೆ ಬಾಗಿಲಲ್ಲಿ.

"ಎಷ್ಟು ಜನ?"

"ಸದ್ಯಕ್ಕೆ ಒಬ್ಳು."

ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದರು. ಈ ಸಲ ಹುಬ್ಬು ಮೇಲೇಳಲಿಲ್ಲ.

"ಪಿಕ್ಚರ್ ಮುಗೀಲಿ ಗಿಣಿ. ಒಂದು ಮಾತು ಕೇಳೋದಿದೆ. ಮೇಷ್ಟ್ರು ಬರೆದಿದ್ದಲ್ಲ, ನನ್ನದೇ."

ಅದೇ ಕೊನೆ. ಆಮೇಲೆ ಅವರು ಸ್ಟುಡಿಯೋಕ್ಕೆ ಬರಲಿಲ್ಲ.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಆಯಿತು. "ಬ್ಯುಸಿ ಇದೀನಿ" ಎಂಬ ಮೆಸೇಜು ಬಂತು. ಮತ್ತೊಂದು ದಿನ "ಆಮೇಲೆ ಹೇಳ್ತೀನಿ" ಎಂದು. ಆಮೇಲೆ ಅದೂ ಇಲ್ಲ. ಮೇಷ್ಟ್ರನ್ನು ಕೇಳಿದರೆ "ಅವರು ಊರಲ್ಲಿಲ್ಲ ಕಣಮ್ಮ" ಎಂದು ಕನ್ನಡಕ ಒರೆಸಿಕೊಂಡರು. ಅಮ್ಮ ಮಾತ್ರ ಒಂದೇ ಏಟಿಗೆ ತೀರ್ಮಾನ ಕೊಟ್ಟಳು. "ಇನ್ಯಾರೋ ಸಿಕ್ಕಿರ್ತಾಳೆ. ಆ ದನಿ ಕೇಳಿದ್ರೆ ಯಾರಿಗೆ ತಾನೇ ಬೇಡ? ಬಿಟ್ಟಾಕು." ನಾನು ಬಿಟ್ಟುಹಾಕಲಿಲ್ಲ. ಸಿಟ್ಟನ್ನು ಮಾತ್ರ ದಿನಾ ನೀರೆರೆದು ಬೆಳೆಸಿದೆ. ಸಿಟ್ಟಿಲ್ಲದಿದ್ದರೆ ಅತ್ತುಬಿಡುತ್ತಿದ್ದೆ, ಸ್ಟುಡಿಯೋದಲ್ಲಿ ಅತ್ತರೆ ಇಂಜಿನಿಯರು ಅದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಾನೆ.

ಕೊನೆಯ ದೃಶ್ಯವನ್ನು ಅವರ ದನಿಯಿಲ್ಲದೆ ಡಬ್ ಮಾಡಿದೆ. ಕಿವಿಯಲ್ಲಿ ಪರದೇಶದ ನಟನ ಅರ್ಥವಾಗದ ಮಾತು. ಗುಟ್ಟಿನ ದೃಶ್ಯವಾದ್ದರಿಂದ ನನ್ನ ಹಾಳೆಯಲ್ಲಿ ನನ್ನ ಮಾತುಗಳು ಮಾತ್ರ ಇದ್ದವು. ಕಟ್ಟಕಡೆಯದು ಒಂದೇ ಪದ: "ಸರಿ." ಯಾವ ಪ್ರಶ್ನೆಗೆ ಎಂದು ನನಗೆ ಗೊತ್ತಿರಲಿಲ್ಲ. ಹೇಳಿದೆ. ಮೇಷ್ಟ್ರು ಮೊದಲ ಟೇಕೇ ಓಕೆ ಮಾಡಿದರು.

ಆದ್ದರಿಂದ ಸಿನಿಮಾ ಬಿಡುಗಡೆಯಾದ ದಿನ, ಪಾಸ್ ಹಿಡಿದು, ಮಧ್ಯಾಹ್ನದ ಶೋಗೆ ನಾನು ಹೋದದ್ದು ಸಿನಿಮಾ ನೋಡಲಿಕ್ಕಲ್ಲ, ಜಗಳ ಆಡಲಿಕ್ಕೆ. ಹೊಸ ಬಟ್ಟೆ ಹಾಕಿಕೊಂಡೆ, ಜಗಳಕ್ಕೂ ಒಂದು ಅಲಂಕಾರ ಬೇಡವೇ. ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಕೂತೆ. ಯಾರು ಕೇಳಿದರೂ "ಬರ್ತಾರೆ" ಎಂದೆ. ದೀಪ ಆರಿತು. ಬ್ಯಾಗೇ ಕೂತಿತ್ತು.

ಸಿನಿಮಾ ಶುರುವಾಯಿತು. ಏನು ಹೇಳಲಿ, ಚೆನ್ನಾಗಿತ್ತು. ತಿಂಗಳುಗಟ್ಟಲೆ ಚೂರುಚೂರಾಗಿ ಕಂಡದ್ದೆಲ್ಲ ಒಂದಕ್ಕೊಂದು ಕೂಡಿಕೊಂಡು ಉಸಿರಾಡತೊಡಗಿತು. ಪಿಯಾನೋ ನುಡಿಸುವ ತೆಳುಮೀಸೆಯವನನ್ನು, ಬೆಕ್ಕನ್ನು ಬಿಟ್ಟಿರದ ಮುದುಕಿಯನ್ನು, ಸೂಪು ಚೆಲ್ಲುವ ಮಾಣಿಯನ್ನು ನಾನು ಅಂದೇ ಮೊದಲು ನೋಡಿದ್ದು. ಪಿಯಾನೋದ ಮುಚ್ಚಳ ಎತ್ತಿದಾಗ ಇಡೀ ಥಿಯೇಟರು ಹಾ ಎಂದಿತು, ನಾನೂ ಎಂದೆ.

ಆಮೇಲೆ ಹಲ್ಲಿನ ಡಾಕ್ಟರು ಬಾಯಿ ತೆರೆದ.

"ಸತ್ತವರು ಸುಳ್ಳು ಹೇಳಲ್ಲ ಮೇಡಂ. ಅದಕ್ಕೇ ನನಗೆ ಅವರ ಸಹವಾಸ ಇಷ್ಟ."

"ನನ್ನ ಗಂಡನೂ ಸತ್ತ ಮೇಲೇ ಒಳ್ಳೆಯವನಾಗಿದ್ದು ಡಾಕ್ಟ್ರೇ."

ಜನ ಗೊಳ್ಳೆಂದು ನಕ್ಕರು. ಅವರ ಮಾತು, ಅದರ ಹಿಂದೆಯೇ ನನ್ನ ಮಾತು, ನಡುವೆ ಉಸಿರೆಳೆಯುವಷ್ಟೂ ಜಾಗವಿಲ್ಲ. ಎಂದೂ ಒಂದೇ ಕೋಣೆಯಲ್ಲಿ ಮಾತಾಡದ ನಾವು ಅಲ್ಲಿ ಮೇಲೆ ಗಂಡ ಹೆಂಡಿರಿಗಿಂತ ಚೆನ್ನಾಗಿ ಕಚ್ಚಾಡುತ್ತಿದ್ದೆವು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಕತ್ತಲಲ್ಲಿ ಒಬ್ಬಳೇ ಕೂತು, ಇವರಿಗೆ ನಾನು ಬೇಡವಾದರೂ ಪರವಾಗಿಲ್ಲ, ಈ ದನಿ ಹೀಗೇ ಮಾತಾಡುತ್ತಿರಲಿ ಎಂದುಕೊಂಡೆ.

ಸಿನಿಮಾ ಮುಂದೆ ಹೋಯಿತು. ಒಡಕು ಬಂತು.

ಬಿಡಿಬಿಡಿಯಾಗಿ, ದಿನಕ್ಕಿಷ್ಟು ಕೇಳಿದಾಗ ಅದು ನಟನೆಯಂತೆ ಇತ್ತು. ಈಗ ಒಂದೇ ಬೀಸಿಗೆ, ದೃಶ್ಯದ ಮೇಲೆ ದೃಶ್ಯ ಕೇಳಿದರೆ ಬೇರೆಯೇ ಕೇಳಿಸಿತು. ಊಟದ ಮನೆಯ ದೃಶ್ಯದಲ್ಲಿ ಸಾಲಿನ ಕೊನೆಯ ಅಕ್ಷರ ನುಂಗಿಹೋಗುತ್ತಿತ್ತು. ಮೆಟ್ಟಿಲಿನ ದೃಶ್ಯದಲ್ಲಿ ಮಾತಿನ ನಡುವೆ, ನಿಲ್ಲಬಾರದ ಕಡೆ, ಉಸಿರು ನಿಲ್ಲುತ್ತಿತ್ತು. ಡಾಕ್ಟರು ಮಾಣಿಯ ಮೇಲೆ ಕಿರುಚಬೇಕಾದ ಕಡೆ ಪಿಸುಗುಟ್ಟಿದ. ಅಂದು ಮೇಷ್ಟ್ರು "ಎಂಥಾ ಐಡಿಯಾ ಮಾರಾಯ್ರೆ!" ಎಂದು ಬೆನ್ನು ತಟ್ಟಿದ್ದು ಅದಕ್ಕೇ. ಅದು ಐಡಿಯಾ ಆಗಿರಲಿಲ್ಲ. ಕಿರುಚಲು ಅವರಿಂದ ಆಗುತ್ತಿರಲಿಲ್ಲ.

ಸುತ್ತಲಿನವರೆಲ್ಲ ಕೊಲೆಗಾರನ ಸುಳಿವು ಹುಡುಕುತ್ತಿದ್ದರು. ಹಿಂದಿನ ಸಾಲಿನ ಹೆಂಗಸು ಬೆಕ್ಕಿನ ಮುದುಕಿಯ ಮೇಲೆ ಗುಮಾನಿಪಟ್ಟು ಗಂಡನಿಗೆ ತಿವಿಯುತ್ತಿದ್ದಳು. ನನಗೆ ಬೇರೆ ಸುಳಿವುಗಳು ಒಂದರ ಹಿಂದೊಂದು ಸಿಗುತ್ತಿದ್ದವು, ಬೇಡವೆಂದರೂ ಸಿಗುತ್ತಿದ್ದವು. ಒಂದು ಉಸಿರು ಆಚೀಚೆಯಾದರೆ ಕಂಡುಹಿಡಿಯುವ ಕಿವಿಗಳು ನಮ್ಮವು. ಮೇಷ್ಟ್ರದ್ದು, ಇಂಜಿನಿಯರನದ್ದು, ನನ್ನದು. ನಾವು ಮೂವರೂ ಒಬ್ಬ ಮನುಷ್ಯನ ಗಂಟಲು ಹಾಳಾಗುವುದನ್ನು ದಿನಾ ಕೇಳಿ, ಭೇಷ್ ಭೇಷ್ ಎಂದಿದ್ದೆವು. ನಾನಂತೂ ಅದಕ್ಕೆ ಮನಸ್ಸನ್ನೇ ಕೊಟ್ಟಿದ್ದೆ.

ಕೊನೆಯ ದೃಶ್ಯ ಬಂತು. ಡಾಕ್ಟರು ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ, ಬೆಂಕಿಯ ಮುಂದೆ ನಿಂತು, ಮೈ ಚಳಿ ಬಿಡಿಸಿಕೊಂಡು ಹೇಳಿದ:

"ನಿಮ್ಮಲ್ಲೊಬ್ಬರು ಆ ಸಂಜೆ ಪಿಯಾನೋದ ಒಂದು ಕೀಯನ್ನ ಮುಟ್ಟಲೇ ಇಲ್ಲ. ಒಳಗಿರೋ ಹೆಣ ತಂತಿ ಅದುಮಿ ಅದರ ಸ್ವರ ಬರಲ್ಲ ಅಂತ, ಅದು ಸಿಗೋ ಮೊದಲೇ ಗೊತ್ತಿತ್ತು ಅವರಿಗೆ."

ಜನ ಉಸಿರು ಬಿಗಿಹಿಡಿದರು. ನಾನು ಎದ್ದು ನಿಂತೆ.

ಆ ದನಿ ಅವರದಲ್ಲ.

ಬಹಳ ಚೆನ್ನಾಗಿ ಅನುಕರಿಸಿದ್ದ, ಯಾರೋ ಮಿಮಿಕ್ರಿಯವನು. ಏರಿಳಿತ, ನಿಲುಗಡೆ, ಒಡಕು ಕೂಡ. ಆದರೆ ಆ ಒಡಕು ಬೇಕೆಂದೇ ಮಾಡಿದ್ದು, ಅದರಲ್ಲಿ ನೋವಿರಲಿಲ್ಲ. ಥಿಯೇಟರಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಅವರೆಲ್ಲ ಕೊಂದವನು ಯಾರೆಂದು ಕಾಯುತ್ತಿದ್ದರು. ನಾನೊಬ್ಬಳು, ಮಾತಾಡುತ್ತಿರುವವನು ಯಾರೆಂದು ಕಲ್ಲಿನ ಹಾಗೆ ನಿಂತಿದ್ದೆ.

"ಕೂತ್ಕೊಳಮ್ಮಾ, ಕಾಣಲ್ಲ!" ಎಂದು ಯಾರೋ ಗದರಿದರು.

ತಿರುಗಿದೆ. ಪರದೆಯ ಬೆಳಕು ಹಿಂದಿನ ಸಾಲುಗಳ ಮೇಲೆ ಬಿದ್ದಿತ್ತು. ಕಟ್ಟಕಡೆಯ ಸಾಲಿನಲ್ಲಿ, ಅಷ್ಟು ಸೆಖೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಅರ್ಧಕ್ಕರ್ಧ ಇಳಿದುಹೋದ ಒಬ್ಬ ಗಂಡಸು ಕೂತಿದ್ದರು. ಪಕ್ಕದಲ್ಲಿ ಅವರನ್ನೇ ಹೋಲುವ ಹಿರಿಯ ಹೆಂಗಸು, ಅಕ್ಕ ಇರಬೇಕು. ನನ್ನನ್ನು ನೋಡಿ ಇನ್‌ಸ್ಪೆಕ್ಟರ್ ಹೆದರಲಿಲ್ಲ, ತಪ್ಪಿಸಿಕೊಳ್ಳಲಿಲ್ಲ. ಕೂರು ಎಂದು ಕೈಸನ್ನೆ ಮಾಡಿದರು. ಆಮೇಲೆ ತಮ್ಮ ಕಿವಿ ಮುಟ್ಟಿ, ಪರದೆಯ ಕಡೆ ತೋರಿಸಿದರು. ಕೇಳಬೇಕಾಗಿದೆ, ಅಡ್ಡ ನಿಲ್ಲಬೇಡ ಎಂದು.

ಕುಸಿದು ಕೂತೆ.

ಕೊಲೆಗಾರ ತೆಳುಮೀಸೆಯವನಂತೆ. ಚಪ್ಪಾಳೆ ಬಿತ್ತು. ಹಿಮ ಕರಗಿ ದಾರಿ ತೆರೆಯಿತು. ವಿಧವೆ ಪೆಟ್ಟಿಗೆ ಹಿಡಿದು ಹೊರಟಳು. ಡಾಕ್ಟರು ಅಡ್ಡ ಬಂದು ಕೇಳಿದ, "ನಿಮ್ಮ ಮೇಲಿನ ಅನುಮಾನ ನನಗಿನ್ನೂ ಹೋಗಿಲ್ಲ. ಜೀವನಪೂರ್ತಿ ಕಣ್ಣಿಟ್ಟಿರ್ಬೇಕು ಅಂತಿದೀನಿ. ಆಗಬಹುದಾ?"

ಇದಾ ಪ್ರಶ್ನೆ! ಇದನ್ನು ಕೇಳುತ್ತಿರುವವನು ಯಾರೋ ಮುಖ ಕಂಡರಿಯದ ಪರಕೀಯ. ಒಪ್ಪಬೇಡ, ಒಪ್ಪಬೇಡ ಎಂದು ಕೂತಲ್ಲೇ ಬೆವತೆ. ಪರದೆಯ ಮೇಲೆ ನನ್ನ ದನಿ ಹೇಳಿತು:

"ಸರಿ."

ದೀಪ ಹೊತ್ತಿತು. ಜನ ನಗುನಗುತ್ತ ಏಳತೊಡಗಿದರು. ಬಾಗಿಲ ಹತ್ತಿರ ಮೇಷ್ಟ್ರು ಸಿಕ್ಕರು. ನನ್ನ ಮುಖ ನೋಡಲಾರದೆ, "ಯಾರಿಗೂ ಹೇಳ್ಬೇಡಿ ಅಂತ ಕೈ ಹಿಡ್ಕೊಂಡಿದ್ರು ಕಣಮ್ಮ. ನಾನೇನ್ ಮಾಡ್ಲಿ," ಎಂದರು. ಅವರನ್ನು ದಾಟಿ ನಡೆದೆ. ಏನಾದರೂ ಅಂದಿದ್ದರೆ ಅದರಲ್ಲಿ ಅರ್ಧ ನನಗೇ ಸಲ್ಲಬೇಕಿತ್ತು.

ಕೊನೆಯ ಸಾಲಿಗೆ ಹೋದೆ. ಅವರ ಅಕ್ಕ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಅವರನ್ನು ಎಂದೂ ನೋಡಿರಲಿಲ್ಲ. ಅವರಿಗೆ ಮಾತ್ರ ನಾನು ಗೊತ್ತಿದ್ದೆ.

"ಗಂಟಲಲ್ಲಿ ಗಡ್ಡೆ ಕಣಮ್ಮ. ಜೀವ ಉಳೀಬೇಕಾದ್ರೆ ದನಿಪೆಟ್ಟಿಗೆ ಪೂರ್ತಿ ತೆಗೀಬೇಕು ಅಂದ್ರು, ತೆಗೆದ್ಬಿಟ್ರು. ಈಗ ಉಸಿರಾಡೋದು ಕುತ್ತಿಗೇಲಿ ಮಾಡಿರೋ ತೂತಿಂದ. ಇವತ್ತಿನ ಟ್ರೈನಿಗೆ ನನ್ನ ಜೊತೆ ನನ್ನೂರಿಗೆ ಕರ್ಕೊಂಡು ಹೋಗ್ತಿದೀನಿ. ಈ ಸಿನಿಮಾ ನೋಡದೆ ಹೊರಡಲ್ಲ ಅಂತ ಹಟ. ನೀವು ಮಾತಾಡ್ತಿರಿ, ಟ್ಯಾಕ್ಸಿ ನೋಡ್ತೀನಿ." ಮಾತಾಡ್ತಿರಿ ಎಂದದ್ದಕ್ಕೆ ತಾವೇ ನಾಲಿಗೆ ಕಚ್ಚಿಕೊಂಡು ಹೊರಗೆ ಹೋದರು.

ನಾನು ಅವರ ಪಕ್ಕದ ಸೀಟಿನಲ್ಲಿ ಕೂತೆ. ಮುಂದಿನ ಸಾಲುಗಳಲ್ಲಿ ಒಬ್ಬ ಹೆಂಗಸು ಕಸ ಗುಡಿಸಲು ಶುರುಮಾಡಿದ್ದಳು.

ಅವರು ತುಟಿ ಆಡಿಸಿದರು. ದನಿಯಿಲ್ಲ, ಉಸಿರಿನ ಸದ್ದೂ ಇಲ್ಲ. ಆದರೆ ತುಟಿ ನೋಡಿ ಮಾತು ಹಿಡಿಯುವುದೇ ನನ್ನ ಹೊಟ್ಟೆಪಾಡು. ಹಿಡಿದದ್ದನ್ನು ಕೂಡಲೇ ಬಾಯಿಬಿಟ್ಟು ಹೇಳುವುದು ನನ್ನ ಚಟ. ನನಗೇ ತಿಳಿಯದೆ ಹೇಳಿಬಿಟ್ಟೆ.

"ಎಷ್ಟು ಚೆನ್ನಾಗಿ ಜಗಳ ಆಡಿದೀಯ ಗಿಣಿ."

ನನ್ನದೇ ದನಿ, ನನ್ನನ್ನೇ ಹೊಗಳಿತು. ಇಬ್ಬರಿಗೂ ನಗು ಬಂತು. ಅವರ ಭುಜ ಅಲುಗಿತು, ಕಣ್ಣು ಕಿರಿದಾಯಿತು, ಹಲ್ಲು ಕಂಡಿತು. ನಗೆಯ ಸದ್ದು ಮಾತ್ರ ಬರಲಿಲ್ಲ. ಅದನ್ನು ನೋಡಿ ನನ್ನ ನಗು ಅರ್ಧಕ್ಕೇ ನಿಂತಿತು, ಅದು ಅವರಿಗೆ ಗೊತ್ತಾಯಿತು.

"ಯಾಕೆ ಹೇಳ್ಲಿಲ್ಲ ನನಗೆ?" ಎಂದೆ.

ತುಟಿ ಆಡಿತು. ನಾನು ಹೇಳಿದೆ: "ಹೇಗೆ ಹೇಳ್ಲಿ? ಫೋನ್ ಮಾಡಿ?"

"ತಮಾಷೆ ಬೇಡ ಸಾಹೇಬ್ರೇ."

ಅವರು ಸ್ವಲ್ಪ ಹೊತ್ತು ಮಫ್ಲರಿನ ತುದಿ ತಿರುವಿದರು. ಆಮೇಲೆ ಮಾತಾಡಿದರು. ನಿಧಾನವಾಗಿ, ನನಗೆ ಹಿಡಿಯಲು ಅನುಕೂಲವಾಗುವಂತೆ ಒಂದೊಂದೇ ಪದ ಬಿಡಿಸಿ. ನಾನು ಹಿಂದೆಯೇ ಹೇಳುತ್ತ ಹೋದೆ. ನಿಲ್ಲಿಸಲು ಆಗುತ್ತಿರಲಿಲ್ಲ, ನಿಲ್ಲಿಸಿದರೆ ಅವರಿಗೆ ಮಾತೇ ಇಲ್ಲದಂತಾಗುತ್ತಿತ್ತು.

"ನಿನಗೆ ಇಷ್ಟವಾಗಿದ್ದು ನನ್ನ ದನಿ. ಅದರಲ್ಲೂ ಆ ಒಡಕು. ಅದು ಈಗಿಲ್ಲ. ಇರೋದು ಬರೀ ಮುಖ, ಅದೂ ಅಷ್ಟಕ್ಕಷ್ಟೆ. ನೀನು ಪಾಪ ಅಂತ ನನ್ನ ಜೊತೆ ಇರ್ತೀಯ. ದಿನಾ ಬೆಳಿಗ್ಗೆ ಎದ್ದು ಈ ಬಾಯಿ ನೋಡಿ, ಇದರಿಂದ ಅದು ಬರಲಿ ಅಂತ ಕಾಯ್ತೀಯ. ನನಗದು ಬೇಡ. ಗಿಣಿ, ನನ್ನ ಬಿಟ್ಟುಬಿಡು. ಇಲ್ಲೇ ಇರು. ಬೇರೆ ಯಾರನ್ನಾದರೂ..."

ಎಲ್ಲವನ್ನೂ ನಾನೇ ಹೇಳಿದೆ. ಒಂದು ಅಕ್ಷರ ಜಾರಿಸದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ನನ್ನ ಬಾಯಿಯಿಂದಲೇ ನನ್ನನ್ನು ಬೇಡವೆಂದೆ. ಅಷ್ಟು ಕ್ರೂರವಾದ ಪಾತ್ರ ಯಾವ ಡೈರೆಕ್ಟರೂ ನನಗೆ ಕೊಟ್ಟಿರಲಿಲ್ಲ. ಕಸ ಗುಡಿಸುವ ಹೆಂಗಸು ಪೊರಕೆ ನಿಲ್ಲಿಸಿ, ಇವಳೊಬ್ಬಳೇ ಯಾಕೆ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಾಳೆ ಎಂಬಂತೆ ನೋಡಿದಳು.

"ಸಾಕು," ಎಂದೆ. ಇದು ನನ್ನ ಮಾತು. "ಇನ್ನು ನೀವು ಏನೂ ಹೇಳಕೂಡದು."

ಹೇಳಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

ಕಣ್ಣು ಮುಚ್ಚಿದರೆ ಅವರು ಬೇಡವೆನ್ನಲಾರರು. ಅಷ್ಟೇ ಲೆಕ್ಕ ನನ್ನದು. ಕತ್ತಲಲ್ಲಿ ಧೈರ್ಯ ಬಂತು. ಎಲ್ಲವನ್ನೂ ಹೇಳಿದೆ.

"ನೀವು ಹೇಳಿದ್ದು ಸುಳ್ಳಲ್ಲ. ಮೊದಲು ನನಗೆ ಇಷ್ಟವಾಗಿದ್ದು ದನೀನೇ. ಮಧ್ಯಾಹ್ನ ಆ ಹೆಡ್‌ಫೋನ್ ಕಿವಿಗಿಟ್ರೆ ದಿನ ಶುರುವಾಗ್ತಿತ್ತು ನನಗೆ. ಆದ್ರೆ ಬಾಗಿಲಲ್ಲಿ ನಿಂತಿರ್ತಿದ್ರಲ್ಲ, ಆ ಹುಬ್ಬು ಎತ್ತೋರು, ಆ ಕಾಲ್ಬೆರಳು ಕುಣಿಸೋರು, ಅವರಿಗೆ ದನಿ ಇಲ್ಲದಿದ್ರೂ ನಾನು ಅರ್ಧ ಗಂಟೆ ಮೊದಲೇ ಬಂದು ಕಾಯ್ತಿದ್ದೆ. ನಿಮ್ಮ ಮಾತನ್ನ ನಾನು ಹೇಳ್ತೀನಿ. ಅಂಗಡೀಲಿ, ಆಸ್ಪತ್ರೇಲಿ, ಬಸ್ಸಲ್ಲಿ. ಯಾರನ್ನ ಬೇಕಾದ್ರೂ ಬೈರಿ, ನಾನು ಬೈತೀನಿ. ನನ್ನ ಬಿಟ್ಟು ಹೋಗ್ಬೇಡಿ. ನೀವೊಂದು ಮಾತು ಕೇಳ್ಬೇಕು ಅಂದಿದ್ರಲ್ಲ, ಅದನ್ನ ಕೇಳ್ದೇ ಇದ್ರೂ ನಾನು ಒಪ್ಕೊಂಡಾಗಿದೆ."

ಮಾತು ಮುಗಿಯಿತು. ಕಣ್ಣು ತೆರೆಯಬೇಕಿತ್ತು.

ತೆರೆಯಲಿಲ್ಲ. ಯಾಕೆಂದರೆ ಆ ಕತ್ತಲಲ್ಲಿ ಅವರ ದನಿ ಬಂತು. ನಾನು ಕರೆಯಲಿಲ್ಲ, ಅದೇ ಬಂತು. ಬೂತಿನಲ್ಲಿ ಕೇಳುತ್ತಿದ್ದಂತೆ, ಎರಡೂ ಕಿವಿಯ ನಡುವೆ, ಬೆಚ್ಚಗೆ. ಹೋಗು ಗಿಣಿ, ನನ್ನ ಜೊತೆ ಜಗಳ ಆಡ್ಕೊಂಡು ಬಾ. ಆ ಒಡಕು, ಆ ಕರಕರ. ತಿಂಗಳುಗಳಿಂದ ಇದಕ್ಕಾಗಿ ಎಷ್ಟು ಬಾಯಾರಿದ್ದೆ! ಇನ್ನೊಂದು ಸ್ವಲ್ಪ, ಇನ್ನೊಂದೇ ಮಾತು ಎಂದು ಕೂತೇ ಇದ್ದೆ. ಎಷ್ಟು ಹೊತ್ತೋ ತಿಳಿಯದು.

ಕಣ್ಣು ತೆರೆದಾಗ ಅವರ ತುಟಿ ಆಡುತ್ತಿತ್ತು. ಕೆನ್ನೆಯೆಲ್ಲ ಒದ್ದೆ. ಬಹಳ ಹೊತ್ತಿನಿಂದ ಮಾತಾಡುತ್ತಿದ್ದವರ ಮುಖ ಅದು, ನನಗೆ ಆ ಮುಖಗಳು ಗೊತ್ತು. ನನಗೆ ಸಿಕ್ಕಿದ್ದು ಕೊನೆಯ ಒಂದು ಪದ. ಅದು ಗಿಣಿ ಅಲ್ಲ, ನನ್ನ ನಿಜವಾದ ಹೆಸರು. ಅದನ್ನು ಅವರು ಹಿಂದೆಂದೂ ಕರೆದಿರಲಿಲ್ಲ.

"ಏನಂದ್ರಿ? ನಾನು ನೋಡ್ಲಿಲ್ಲ. ಇನ್ನೊಂದ್ಸಲ ಹೇಳಿ."

ಅವರು ಇಲ್ಲವೆಂದು ತಲೆಯಾಡಿಸಿದರು.

"ಸಾಹೇಬ್ರೇ, ನಿಮ್ಮ ದಮ್ಮಯ್ಯ, ಇನ್ನೊಂದೇ ಸಲ. ನಿಧಾನವಾಗಿ. ಕಣ್ಣು ಮಿಟುಕಿಸಲ್ಲ."

ಅವರು ನಕ್ಕರು. ಕೋಪವಿರಲಿಲ್ಲ ಆ ನಗೆಯಲ್ಲಿ. ಕೋಪವಿದ್ದಿದ್ದರೆ ಕಾಲು ಹಿಡಿದು ಸರಿಮಾಡಿಕೊಳ್ಳಬಹುದಿತ್ತು. ಕೈ ಚಾಚಿ, ಅಷ್ಟು ಹೊತ್ತು ಮುಚ್ಚಿದ್ದ ನನ್ನ ಕಣ್ಣುಗಳನ್ನು ತಾವೇ ಬೆರಳ ತುದಿಯಿಂದ ಒರೆಸಿದರು. ಎದ್ದರು. ಅಕ್ಕ ಬಾಗಿಲಿಂದ "ಟ್ಯಾಕ್ಸಿ ಬಂತು ಕಣೋ, ಹೊತ್ತಾಯ್ತು" ಎಂದು ಕರೆದರು. ಸಾಲಿನ ತುದಿಯವರೆಗೆ ನಾನು ಅವರ ತೋಳು ಹಿಡಿದುಕೊಂಡೇ ಹೋದೆ. ಅಲ್ಲಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಂದು ಕ್ಷಣ ತಮ್ಮ ಎದೆಗೆ ಒತ್ತಿಹಿಡಿದು, ನನಗೇ ವಾಪಸು ಕೊಟ್ಟರು. ತಿರುಗಿ ನೋಡದೆ ಹೊರಟುಹೋದರು.

ನಾನು ಅಲ್ಲೇ ಸೀಟಿನ ಬೆನ್ನು ಹಿಡಿದು ನಿಂತೆ. ಗುಡಿಸುವ ಹೆಂಗಸು ನನ್ನ ಸಾಲಿಗೆ ಬಂದಿದ್ದಳು.

"ನಿಮ್ಮ ಯಜಮಾನ್ರಾ?" ಎಂದಳು.

"ನೀವು ನೋಡಿದ್ರಾ? ಅವರು ಏನ್ ಹೇಳ್ತಿದ್ರು?" ಎಂದೆ.

"ನನಗೆಲ್ಲಿ ಗೊತ್ತಾಗ್ಬೇಕಮ್ಮ, ಸದ್ದೇ ಬರ್ತಿರ್ಲಿಲ್ಲ. ಬೈತಿರ್ಲಿಲ್ಲ, ಅಷ್ಟಂತೂ ಗೊತ್ತಾಯ್ತು. ನಿಮ್ಮ ಗಲ್ಲದ ಹತ್ರ ಕೈ ತಂದು ತಂದು, ಮುಟ್ದೇ ಇಟ್ಕೊಂಡು, ಅದೆಷ್ಟ್ ಮಾತಾಡಿದ್ರು ಪಾಪ." ಪೊರಕೆಯನ್ನು ಸೀಟಿನ ಕೆಳಗೆ ಆಡಿಸುತ್ತ, ಸ್ವಲ್ಪ ಅನುಮಾನಿಸಿ ಹೇಳಿದಳು. "ನೀವು ಕಣ್ಮುಚ್ಕೊಂಡು ನಗ್ತಾ ಇದ್ರಿ. ಕೊನೆಕೊನೆಗೆ ಅವರು ಅದನ್ನೇ ನೋಡ್ತಾ ಕೂತಿದ್ರು."

ಹೊರಗೆ ಟ್ಯಾಕ್ಸಿಯ ಬಾಗಿಲು ಮುಚ್ಚಿದ ಸದ್ದು ಕೇಳಿತು. ಓಡಿಹೋಗಿದ್ದರೆ ಸಿಗುತ್ತಿದ್ದರೇನೋ. ಹಿಡಿದ ಸೀಟಿನ ಬೆನ್ನು ಬಿಡದೆ ನಿಂತೆ. ಅಷ್ಟು ಹೊತ್ತೂ ಅವರು ನನ್ನ ಜೊತೆ ಮಾತಾಡುತ್ತಿದ್ದರು. ನಾನು ಅವರ ದನಿ ಕೇಳುತ್ತ ಕೂತಿದ್ದೆ.